ಬಿಳಿ ಕೆನೆಯಾದ ಕಥೆ

ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯವರು 1864ರ ತನಕ ತಮ್ಮ ಪ್ರಯಾಣಿಕರ ಡಬ್ಬಿಗಳಿಗೆಲ್ಲ ಗಾಢವಾದ ಕಂದು ಬಣ್ಣವೊಂದನ್ನೇ ಬಳಿಸುತ್ತಿದ್ದರು. ಆ ವರ್ಷ ಪದ್ಧತಿ ಬದಲಾಯಿತು. ಕೆಳಗಿನ ಭಾಗ ಕಂದಾಗಿಯೇ ಉಳಿಯಿತು. ಮೇಲಿನ ಭಾಗಕ್ಕೆ ಬಿಳಿ ಬಂತು. ಕಲ್ಲಿದ್ದಲಿನ ಹೊಗೆಯನ್ನು ಕಾರುತ್ತ ಓಡುವ ಎಂಜಿನ್ನಿನ ಬೆನ್ನಿಗೆ ಬಿಳಿಯ ಡಬ್ಬಿಗಳನ್ನು ಕಟ್ಟುವುದೆಂದರೆ ಮಡಿಪಂಚೆಯುಟ್ಟು ಸೌದೆ ಒಲೆಯ ಮುಂದೆ ಕುಳಿತ ಹಾಗೆ. ಬಿಳಿಯ ಮೇಲೆ ಬಳಿದ ವಾರ್ನಿಷು ತಾನೇ ತುಸು ಹಳದಿ. ಅದರ ಮೇಲೆ ಬಿಸಿಲು, ಮಳೆ, ಹೊಗೆ. ಕಾರ್ಖಾನೆಯಿಂದ ಬಿಳಿಯಾಗಿ ಹೊರಟದ್ದು ದಾರಿಯ ಮೇಲೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗುತ್ತಿತ್ತು. ಜನ ಕಂಡದ್ದು ಆ ಕೆನೆಯನ್ನು. ಜನರ ಬಾಯಲ್ಲಿ ನಿಂತ ಹೆಸರೂ ‘ಚಾಕೊಲೇಟು ಮತ್ತು ಕೆನೆ’ ಎಂದೇ.

ಮುಂದೆ 1908ರಲ್ಲಿ ಕಂಪನಿ ಪೂರ್ತಿ ಕಂದಿಗೆ ಹಿಂದಿರುಗಿತು. 1912ರಲ್ಲಿ ಅದನ್ನೂ ಬಿಟ್ಟು ಕಡುಗೆಂಪನ್ನು ಹಿಡಿಯಿತು. 1922ರಲ್ಲಿ ಮತ್ತೆ ಚಾಕೊಲೇಟು ಮತ್ತು ಕೆನೆ. 1948ರಲ್ಲಿ ರಾಷ್ಟ್ರೀಕರಣವಾಗಿ ಕಂಪನಿಯೇ ಇಲ್ಲವಾಯಿತು. ಆದರೂ 1956ರಲ್ಲಿ ಬ್ರಿಟಿಷ್ ರೈಲ್ವೆಯ ಪಶ್ಚಿಮ ವಿಭಾಗದವರು ತಮ್ಮ ಹೆಸರಾಂತ ಎಕ್ಸ್‌ಪ್ರೆಸ್ ಗಾಡಿಗಳಿಗೆ ಅದೇ ಜೋಡಿಬಣ್ಣವನ್ನು ಪ್ರೀತಿಯಿಂದ ತೊಡಿಸಿದರು. ಆಗ ಕೆನೆ ಬಣ್ಣ ಕಾಲದ ಕೈಯಿಂದ ಬರಬೇಕಾಗಿರಲಿಲ್ಲ, ಬಣ್ಣದ ಡಬ್ಬದಿಂದಲೇ ಬರುತ್ತಿತ್ತು. ಯಾವುದು ಒಂದು ಕಾಲಕ್ಕೆ ಮಾಸಲಾಗಿತ್ತೋ ಅದೇ ಇನ್ನೊಂದು ಕಾಲಕ್ಕೆ ಮರ್ಯಾದೆಯ ಉಡುಪಾಯಿತು.

ಈ ಸಂಗತಿಯನ್ನು ನಾನು ತಿಳಿದದ್ದು ರೈಲ್ವೆಯ ದೊಡ್ಡ ಇತಿಹಾಸ ಗ್ರಂಥಗಳಿಂದಲ್ಲ. ಮಾದರಿ ರೈಲುಗಳನ್ನು ಕಟ್ಟುವ ಹವ್ಯಾಸಿಗಳ ಬರಹಗಳಿಂದ. ದೊಡ್ಡ ಗ್ರಂಥಗಳಲ್ಲಿ ಬಂಡವಾಳ, ಹಳಿಯ ಉದ್ದ, ಅಪಘಾತ, ಮುಷ್ಕರ ಎಲ್ಲವೂ ಇರುತ್ತವೆ. ‘ಗಾಡಿ ನೋಡುವುದಕ್ಕೆ ಹೇಗಿತ್ತು?’ ಎಂದು ಕೇಳಿದರೆ ಅವು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಕೈಯಲ್ಲಿ ಕುಂಚ ಹಿಡಿದು ಕುಳಿತವನಿಗೆ ಆ ಒಂದು ಸಾಲು ಸಾಲದು. ‘ಕಂದು’ ಎಂದರೆ ಯಾವ ಕಂದು? ಹೊಸತರದ್ದೋ, ಐದು ವರ್ಷ ಓಡಿದ್ದೋ? ಈ ಪ್ರಶ್ನೆಗೆ ಉತ್ತರ ಹುಡುಕದೆ ಅವನು ಕುಂಚವನ್ನು ಅದ್ದುವಂತಿಲ್ಲ.

ಮೊದಲಿಗೆ ಇದು ಮಕ್ಕಳ ಆಟಿಕೆಯ ವ್ಯವಹಾರವಾಗಿತ್ತು. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ತಗಡಿನ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನಲ್ಲಿ ಹಾರ್ನ್‌ಬಿ ರೈಲುಗಳು ಬಂದದ್ದು 1920ರಲ್ಲಿ. ಥಳಥಳಿಸುವ ಬಣ್ಣ, ಕಿಟಕಿ ಬಾಗಿಲುಗಳು ಎಷ್ಟೋ ಸಲ ತಗಡಿನ ಮೇಲೆ ಅಚ್ಚೊತ್ತಿದವೇ. ಮಕ್ಕಳಿಗೆ ಬೇಕಾದದ್ದೂ ಅದೇ. ಆಟಿಕೆ ಹೊಳೆಯಬೇಕು, ಓಡಬೇಕು. 1930ರ ದಶಕದ ಹೊತ್ತಿಗೆ ಕೆಲವು ದೊಡ್ಡವರಿಗೆ ಈ ಹೊಳಪು ಸಾಲದಾಯಿತು. ಜಾನ್ ಅಹರ್ನ್ ಎಂಬಾತ ‘ಮ್ಯಾಡರ್ ವ್ಯಾಲಿ’ ಎಂಬ ಕಲ್ಪನೆಯ ಕಣಿವೆಯೊಂದನ್ನು ಕಟ್ಟಿ, ಅದರಲ್ಲಿ ಊರು, ಬಂದರು, ರೈಲು ಮೂರೂ ಒಂದೇ ಲೋಕಕ್ಕೆ ಸೇರಿದಂತೆ ಕಾಣುವ ಹಾಗೆ ಮಾಡಿದ. ಊರು ನಿಜವಾಗಿ ಕಂಡ ಮೇಲೆ ಅದರ ನಡುವೆ ಹೊಳೆಯುವ ರೈಲು ಒಪ್ಪುವುದಿಲ್ಲ. ಮನೆಯ ಗೋಡೆಗೆ ಪಾಚಿ ಹಿಡಿದಿದ್ದರೆ ಗಾಡಿಯ ಚಾವಣಿಗೆ ಮಸಿ ಹಿಡಿಯಲೇಬೇಕು.

ಇನ್ನೊಬ್ಬ ರಾಯ್ ಇಂಗ್ಲೆಂಡ್. ಹೆಸರು ಇಂಗ್ಲೆಂಡ್ ಆದರೂ ಆತ ಬಂದದ್ದು ಆಸ್ಟ್ರೇಲಿಯದಿಂದ, 1925ರಲ್ಲಿ. ಆಕ್ಸ್‌ಫರ್ಡಿನ ದಕ್ಷಿಣದ ವೈಟ್ ಹಾರ್ಸ್ ಕಣಿವೆಯಲ್ಲಿ ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ರೂಪಗೆಡುತ್ತಿದ್ದುದು ಆತನ ಕಣ್ಣಿಗೆ ಬಿತ್ತು. ಮನೆಗಳನ್ನು ಉಳಿಸುವ ಶಕ್ತಿ ತನಗಿಲ್ಲ. ಅವುಗಳ ರೂಪವನ್ನಾದರೂ ಉಳಿಸೋಣ ಎಂದು ಆತ ಅಳತೆ ತೆಗೆದು ಪುಟ್ಟ ಮನೆಗಳನ್ನು ಮಾಡತೊಡಗಿದ. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ವಸ್ತುಸಂಗ್ರಹಾಲಯ ಪ್ರಾರಂಭವಾಯಿತು. ಅಹರ್ನ್‌ನ ಕಣಿವೆಯೂ ಆತ ತೀರಿಕೊಂಡ ಮೇಲೆ ಅಲ್ಲಿಗೇ ಸೇರಿತು. ಪೆಂಡನ್ನಿನ ಅಳತೆ ಒಂದು ಅಡಿಗೆ 4 ಮಿಲಿಮೀಟರು. 60 ಅಡಿಯ ಡಬ್ಬಿ ಅಲ್ಲಿ 24 ಸೆಂಟಿಮೀಟರು. ಎರಡು ಅಂಗೈಗಳಲ್ಲಿ ಎತ್ತಿಕೊಳ್ಳಬಹುದಾದಷ್ಟು.

ಅಷ್ಟು ಸಣ್ಣ ವಸ್ತುವಿಗೆ ನಿಜವಾದ ಬಣ್ಣವನ್ನು ಕೊಡಲು ಎಷ್ಟು ಕಷ್ಟವೆಂಬುದನ್ನು ಓದುಗರು ಸ್ವಲ್ಪ ಗಮನಿಸಬೇಕು. ಮೊದಲನೆಯ ತೊಡಕು ಸಾಕ್ಷ್ಯದ್ದು. ಹಳೆಯ ಛಾಯಾಚಿತ್ರಗಳಿವೆಯಲ್ಲ ಎನ್ನಬಹುದು. ಆದರೆ ಅಂದಿನ ಛಾಯಾಫಲಕಗಳಿಗೆ ಕೆಂಪು ಬಣ್ಣ ತಾಗುತ್ತಲೇ ಇರಲಿಲ್ಲ. ನೀಲಿಯಾದರೋ ಅತಿಯಾಗಿ ತಾಗುತ್ತಿತ್ತು. ಆದ್ದರಿಂದ ಮಿಡ್‌ಲ್ಯಾಂಡ್ ರೈಲ್ವೆಯ ಸೊಗಸಾದ ಕಡುಗೆಂಪು ಚಿತ್ರದಲ್ಲಿ ಕರಿಯಂತೆ ಕಾಣುತ್ತದೆ, ನೀಲಿ ಬೆಳ್ಳಗೆ ಕಾಣುತ್ತದೆ. ಸಾಲದ್ದಕ್ಕೆ, ಹೊಸ ಎಂಜಿನ್ನುಗಳ ಚಿತ್ರ ಸ್ಪಷ್ಟವಾಗಿ ಬರಲೆಂದು ಕಾರ್ಖಾನೆಯವರೇ ಅವುಗಳಿಗೆ ತಾತ್ಕಾಲಿಕವಾಗಿ ಬೂದುಬಣ್ಣ ಬಳಿದು ಚಿತ್ರ ತೆಗೆಸುತ್ತಿದ್ದರು. ಸಾಕ್ಷಿ ಸುಳ್ಳು ಹೇಳುವುದಿಲ್ಲ, ಅದಕ್ಕೆ ಅರ್ಧ ಕುರುಡು. ಹೀಗೆಂದು ತಿಳಿದೇ ಅದರ ಮಾತನ್ನು ಕೇಳಬೇಕು.

ಇನ್ನು ಬರಹದ ಸಾಕ್ಷ್ಯ. ಅರ್ನೆಸ್ಟ್ ಕಾರ್ಟರ್ 1952ರಲ್ಲಿ ಬ್ರಿಟನ್ನಿನ ರೈಲ್ವೆಗಳ ಬಣ್ಣಗಳನ್ನು ಕುರಿತು ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. 1825ರಿಂದ 1948ರವರೆಗಿನ ಕಂಪನಿಗಳ ಬಣ್ಣ, ಗೆರೆ, ಲಾಂಛನಗಳ ವಿವರ ಅದರ ವಸ್ತು. ಇಂಥ ಪುಸ್ತಕಗಳು ಬಹುಮಟ್ಟಿಗೆ ಕಂಪನಿಯ ಅಪ್ಪಣೆ ಏನಿತ್ತು ಎಂಬುದನ್ನು ಹೇಳುತ್ತವೆ. ಅಪ್ಪಣೆಗೂ ಆಚರಣೆಗೂ ನಡುವೆ ಇರುವ ದೂರ ನಮಗೇನೂ ಹೊಸದಲ್ಲ. ಕಂಪನಿ 1922ರಲ್ಲಿ ಬಣ್ಣ ಬದಲಿಸಿದರೆ ಮರುದಿನ ಎಲ್ಲ ಡಬ್ಬಿಗಳೂ ಬದಲಾಗುವುದಿಲ್ಲ. ಒಂದೊಂದು ಡಬ್ಬಿಯೂ ದುರಸ್ತಿಗೆ ಬಂದಾಗ ತನ್ನ ಸರದಿಯಲ್ಲಿ ಹೊಸ ಬಣ್ಣ ಕಾಣಬೇಕು. ಹೀಗಾಗಿ 1923ರ ಒಂದು ರೈಲನ್ನು ಪ್ರಾಮಾಣಿಕವಾಗಿ ಮಾಡುವವನು ಅದರಲ್ಲಿ ಒಂದು ಹೊಸ ಕೆನೆಯ ಡಬ್ಬಿ, ಎರಡು ಮಾಸಿದ ಕಡುಗೆಂಪಿನ ಡಬ್ಬಿಗಳನ್ನು ಸೇರಿಸಿದರೆ ತಪ್ಪಲ್ಲ. ಇಸವಿ ಬದಲಾದರೂ ಹಳೆಯದು ಹಳಿಯ ಮೇಲೆ ಓಡುತ್ತಲೇ ಇರುತ್ತದೆ. ರೈಲಿಗೆ ಮಾತ್ರವಲ್ಲ, ಯಾವ ಕಾಲಕ್ಕಾದರೂ ಈ ಮಾತು ಸಲ್ಲುತ್ತದೆಂದು ನನ್ನ ಭಾವನೆ.

ಬಣ್ಣ ಬಳಿಯುವ ಕೆಲಸವೂ ಆಗ ಒಂದು ವ್ರತದಂತಿತ್ತು. ಮರಕ್ಕೆ ಮೊದಲು ಸೀಸದ ಬಣ್ಣದ ತಳಪಾಯ, ಸಂದುಗಳಿಗೆ ಪುಟ್ಟಿ, ಪದರಪದರವಾಗಿ ಬಳಿದು, ಒಣಗಿಸಿ, ಕಲ್ಲಿನಿಂದ ನೀರುಹಾಕಿ ಉಜ್ಜಿ ನುಣುಪು ಮಾಡುವುದು, ಆಮೇಲೆ ಬಣ್ಣ, ಚಿನ್ನದ ಗೆರೆ, ಅಕ್ಷರ, ಎಲ್ಲದರ ಮೇಲೆ ಹಲವು ಸಲ ವಾರ್ನಿಷು. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿಯವರು ತಮ್ಮ ಡಬ್ಬಿಗಳ ಬಿಳಿಗೆ ಚೂರು ನೀಲಿ ಬೆರೆಸುತ್ತಿದ್ದರು. ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕುವ ಹಾಗೆ. ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ಕಂಪನಿಯವರದು ಇನ್ನೊಂದು ರೀತಿ. ಅವರ ಡಬ್ಬಿಗಳು ತೇಗದ ಮರದವು. ಬಣ್ಣವಿಲ್ಲದೆ ಬರಿಯ ವಾರ್ನಿಷಿನಲ್ಲಿ ಮರದ ಎಳೆ ಕಾಣುವಂತೆ ಮಿರುಗುತ್ತಿದ್ದವು. ಇಂಗ್ಲೆಂಡಿನ ಚಳಿಯಲ್ಲಿ ತೇಗ ಬೆಳೆಯುವುದಿಲ್ಲ; ಅದು ನಮ್ಮ ಕಡೆಯ ಬಿಸಿಲುನಾಡುಗಳಿಂದ ಹಡಗೇರಿ ಹೋಗಬೇಕಾದ ಮರ. ಮುಂದೆ ಉಕ್ಕಿನ ಡಬ್ಬಿಗಳು ಬಂದಾಗ ಆ ಕಂಪನಿಯವರು ಉಕ್ಕಿನ ಮೇಲೆ ಕುಂಚದಿಂದ ತೇಗದ ಎಳೆಗಳನ್ನು ಬರೆಸಿದರು! ಮಾದರಿಗಾರನು ಮಾಡುವ ನಟನೆಯನ್ನು ಅಸಲು ಗಾಡಿಯೇ ಆಗ ಮಾಡುತ್ತಿತ್ತು.

ಇಷ್ಟೆಲ್ಲ ಶ್ರಮಪಟ್ಟು ಹೊರಗೆ ಬಿಟ್ಟ ಡಬ್ಬಿಯ ಮೇಲೆ ಕಾಲ ತನ್ನ ಕೆಲಸವನ್ನು ಆರಂಭಿಸುತ್ತದೆ. ಅದಕ್ಕೆ ತನ್ನದೇ ಕ್ರಮವುಂಟು. ಚಾವಣಿಗೆ ಬಳಿದ ಸೀಸದ ಬಿಳಿ, ಹೊಗೆಯ ಗಂಧಕ ತಾಗಿ ಕಪ್ಪಾಗುತ್ತದೆ, ಮೇಲೆ ಮಸಿ ಬೀಳುತ್ತದೆ. ಕೊನೆಗೆ ಉಳಿಯುವುದು ಬೂದುಗಪ್ಪು. ಗಾಲಿಯನ್ನು ಒತ್ತಿ ನಿಲ್ಲಿಸುವ ಎರಕದ ಕಬ್ಬಿಣದ ಬ್ರೇಕು ಪ್ರತಿ ನಿಲ್ದಾಣದಲ್ಲಿಯೂ ಸ್ವಲ್ಪ ಸವೆಯುತ್ತದೆ. ಆ ಪುಡಿ ಹಾರಿ, ನೆನೆದು, ತುಕ್ಕಾಗಿ ಡಬ್ಬಿಯ ಅಡಿಭಾಗವನ್ನೆಲ್ಲ ಮಣ್ಣುಗಂದಾಗಿ ಮಾಡುತ್ತದೆ. ಪಕ್ಕಗಳನ್ನು ತೊಳೆಯುತ್ತಾರೆ, ಎರಡು ಡಬ್ಬಿಗಳ ನಡುವಿನ ತುದಿಗೋಡೆಗೆ ಕೈ ಹೋಗುವುದು ಅಪರೂಪ, ಆದ್ದರಿಂದ ಅದು ಕರಿಯಾಗಿಯೇ ಇರುತ್ತದೆ. ಬಾಗಿಲ ಹಿಡಿಯ ಸುತ್ತ ಕೈಗಳು ತಾಗಿ ಬಣ್ಣ ಸವೆಯುತ್ತದೆ. ಬಾಗಿಲ ಸಂದಿನಲ್ಲಿ ಕೊಳೆ ನಿಂತು ಒಂದು ಕರಿಯ ಗೆರೆ ಮೂಡುತ್ತದೆ.

ಮಾದರಿಗಾರನು ಇದನ್ನೆಲ್ಲ ಅನುಕರಿಸಬೇಕು. ಮೊದಲು ಹಳೆಯ ಕಾರ್ಖಾನೆಯವರಂತೆಯೇ ಚೊಕ್ಕಟವಾಗಿ ಬಣ್ಣ ಬಳಿದು, ಸಣ್ಣ ಗೆರೆಗಳನ್ನು ಎಳೆಯುತ್ತಾನೆ. ಹೊಳಪನ್ನು ಮಂದಗೊಳಿಸುವ ವಾರ್ನಿಷು ಕೊಡುತ್ತಾನೆ. ಬಳಿಕ ನೀರಿನಂತೆ ತೆಳುವಾದ ಕಂದುಗಪ್ಪು ಬಣ್ಣವನ್ನು ಹರಿಯಬಿಟ್ಟು ಕೂಡಲೇ ಒರೆಸಿಬಿಡುತ್ತಾನೆ. ಅದು ಸಂದುಗಳಲ್ಲಿ ಮಾತ್ರ ಉಳಿಯುತ್ತದೆ. ಬಹುಪಾಲು ಒಣಗಿದ ಕುಂಚವನ್ನು ಉಬ್ಬಿನ ಮೇಲೆ ಸವರಿ ಸವೆತವನ್ನು ತೋರಿಸುತ್ತಾನೆ. ಬಣ್ಣದ ಸೀಮೆಸುಣ್ಣದ ಪುಡಿಯನ್ನು ಚಾವಣಿಗೆ ತಟ್ಟುತ್ತಾನೆ. ಈಚೆಗೆ ಅಡಿಭಾಗದ ಧೂಳಿಗೆ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬಂದಿದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೆಂಡನ್ನಿನ ಅಳತೆಯ ಡಬ್ಬಿಯನ್ನು ಎರಡು ಅಡಿ ದೂರದಿಂದ ನೋಡಿದರೆ ನಿಜವಾದ ಡಬ್ಬಿಯನ್ನು ನೂರೈವತ್ತು ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ನಡುವಣ ಗಾಳಿಯೂ ಬೆಳಕೂ ಸೇರಿ ಬಣ್ಣವನ್ನು ತುಸು ತಿಳಿಯಾಗಿಸುತ್ತವೆ. ಆದ್ದರಿಂದ ಅಸಲು ಬಣ್ಣವನ್ನೇ ತಂದು ಬಳಿದರೂ ಮಾದರಿಯ ಮೇಲೆ ಅದು ಅತಿಗಾಢವಾಗಿ ಕಾಣುತ್ತದೆ. ಅನುಭವಿಗಳು ಅದಕ್ಕೆ ಕೊಂಚ ಬಿಳಿಯನ್ನೋ ಬೂದಿಯನ್ನೋ ಬೆರೆಸುತ್ತಾರೆ.

ಚೆನ್ನಾಗಿ ಬಳಿದುದನ್ನು ಕೈಯಾರೆ ಕೆಡಿಸುವುದು ಹುಚ್ಚಲ್ಲವೇ ಎಂದು ಕೇಳುವವರುಂಟು. ಕೆಡಿಸುವುದಾದರೆ ಹುಚ್ಚೇ ಸರಿ. ಹೊಸಬರು ಕೊಳೆಯನ್ನು ಎಲ್ಲ ಕಡೆಗೂ ಸಮನಾಗಿ ಹಚ್ಚಿ, ಡಬ್ಬಿಯನ್ನು ಕೆಸರಿನಲ್ಲಿ ಹೊರಳಿದ ಎಮ್ಮೆಯಂತೆ ಮಾಡಿಬಿಡುತ್ತಾರೆ. ಬಲ್ಲವರು ಹಾಗೆ ಮಾಡುವುದಿಲ್ಲ. ಪ್ರತಿಯೊಂದು ಕಲೆಗೂ ಅವರಲ್ಲಿ ಕಾರಣವಿರಬೇಕು: ಇದು ಬ್ರೇಕಿನ ಪುಡಿ, ಇದು ಮಳೆನೀರು ಇಳಿದ ದಾರಿ, ಇದು ಪ್ರಯಾಣಿಕನ ಕೈ. ಕಾರಣ ಹೇಳಲಾಗದ ಕಲೆಯನ್ನು ಹಾಕಕೂಡದು. ಇತಿಹಾಸಕಾರರೆಲ್ಲ ತಮ್ಮ ವಾಕ್ಯಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಈ ಕೊಳೆಯಲ್ಲಿ ಮನುಷ್ಯರೂ ಇದ್ದಾರೆ. ಸೀಸದ ಬಣ್ಣ ಬಳಿಯುವವರ ಮೈಗೆ ವಿಷವೇರುತ್ತಿತ್ತು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡಗಳ ಒಳಗೆ ಆ ಬಣ್ಣದ ಬಳಕೆಯನ್ನು ನಿರ್ಬಂಧಿಸುವ ಒಪ್ಪಂದವನ್ನೇ ಮಾಡಬೇಕಾಯಿತು. ಡಬ್ಬಿ ಹೊಳೆಯುತ್ತಿತ್ತೆಂದರೆ ಬಕೀಟು, ಬ್ರಷ್ಷು ಹಿಡಿದ ಯಾರೋ ಚಳಿಯ ರಾತ್ರಿಯಲ್ಲಿ ಅದನ್ನು ತೊಳೆದಿದ್ದರು. ಮಹಾಯುದ್ಧಗಳ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಈ ಕೆಲಸಕ್ಕೆ ಹೆಂಗಸರು ಬಂದರು. ಆದರೂ ಕೈಗಳು ಸಾಲದೆ ಗಾಡಿಗಳು ಕೊಳೆಯಾಗಿಯೇ ಓಡಿದವು. 1943ರ ಡಬ್ಬಿಯನ್ನು ಯಾರಾದರೂ ಥಳಥಳಿಸುವಂತೆ ಮಾಡಿಟ್ಟರೆ, ಅಷ್ಟರಮಟ್ಟಿಗೆ ಯುದ್ಧವೇ ನಡೆಯಲಿಲ್ಲವೆಂದು ಹೇಳಿದಂತಾಯಿತು.

ಬ್ರಿಟಿಷ್ ರೈಲ್ವೆಯಲ್ಲಿ ಉಗಿ ಎಂಜಿನ್ನುಗಳ ದಿನನಿತ್ಯದ ಓಡಾಟ ಕೊನೆಗೊಂಡದ್ದು 1968ರಲ್ಲಿ. ಅದರೊಡನೆ ಆ ಮಸಿಯೂ ಹೋಯಿತು. ಉಳಿಸಿಕೊಂಡ ಹಳೆಯ ಡಬ್ಬಿಗಳನ್ನು ಅಭಿಮಾನಿಗಳು ಅಕ್ಕರೆಯಿಂದ ಬಣ್ಣ ಬಳಿದು ಕಾಪಾಡುತ್ತಿದ್ದಾರೆ. ಅವು ತಮ್ಮ ದುಡಿಮೆಯ ದಿನಗಳಲ್ಲಿ ಎಂದೂ ಇರದಷ್ಟು ಚೊಕ್ಕಟವಾಗಿವೆ. ಮರ ಕೊಳೆಯಬಾರದೆಂದರೆ ಬಣ್ಣ ಬೇಕು, ಅದನ್ನು ತಪ್ಪೆನ್ನಲಾಗದು. ಆದರೆ ಅಸಲು ಡಬ್ಬಿ ಹೇಳಲಾರದ ಸತ್ಯವನ್ನು ಈಗ 24 ಸೆಂಟಿಮೀಟರಿನ ನಕಲು ಹೇಳಬೇಕಾಗಿ ಬಂದಿದೆ.

ನಮ್ಮಲ್ಲಿಯೂ ಈ ಮಾತು ಯೋಚಿಸತಕ್ಕದ್ದು. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳು ಮಿರಮಿರನೆ ಮಿಂಚುತ್ತ ನಿಂತಿವೆ, ನಿಲ್ಲಲಿ. ನನ್ನ ಬಾಲ್ಯದಲ್ಲಿ ರೈಲೆಂದರೆ ಇಟ್ಟಿಗೆಗೆಂಪು. ಕಾರ್ಖಾನೆಯಿಂದ ಬಂದಾಗ ಕುಂಕುಮದ ಕೆಸರಿನಂತೆ ಗಾಢ. ಎರಡು ಬೇಸಗೆ ಕಳೆದರೆ ಹಳೆಯ ಹೆಂಚಿನಂತೆ ಮಂಕು. ಕಿಟಕಿಯ ಸರಳು ಹಿಡಿದು ಇಳಿದರೆ ಅಂಗೈಯೆಲ್ಲ ತುಕ್ಕಿನ ವಾಸನೆ. 1990ರ ದಶಕದಲ್ಲಿ ಅದು ಹೋಗಿ ನೀಲಿ ಬಂತು. ನೀಲಿಯನ್ನು ತೊಟ್ಟ ಆ ಹಳೆಯ ವಿನ್ಯಾಸದ ಡಬ್ಬಿಗಳನ್ನು ಪೆರಂಬೂರಿನ ಕಾರ್ಖಾನೆ ಕಟ್ಟುವುದನ್ನು 2018ರಲ್ಲಿ ನಿಲ್ಲಿಸಿತು. ‘ಆಗ ರೈಲು ಕೆಂಪಗಿತ್ತು’ ಎಂದು ಮುಂದಿನವರಿಗೆ ಹೇಳುವುದು ಸುಲಭ. ಎಂಥ ಕೆಂಪು ಎಂದು ಅವರು ಕೇಳಿದರೆ ಕಾಗದಪತ್ರಗಳು ಬಣ್ಣದ ಹೆಸರನ್ನು ಹೇಳಿಯಾವು. ಹೆಂಚಿನ ಮಂಕನ್ನು ಹೇಳಲಾರವು. ಅದನ್ನು ಕಂಡವರು ಇರುವಾಗಲೇ ಯಾರಾದರೂ ಒಂದು ಪುಟ್ಟ ಡಬ್ಬಿಗೆ ಆ ಕೆಂಪನ್ನು ಬಳಿದು, ಅದರ ಮೇಲೆ ನಮ್ಮ ಬಿಸಿಲನ್ನೂ ನಮ್ಮ ಕೆಮ್ಮಣ್ಣಿನ ಧೂಳನ್ನೂ ಇಳಿಸಿಡಬೇಕು.