ಬಿಳಿಸೆರಗು: ದಾವಣಗೆರೆ–ಹರಿಹರ ಸೀಮೆಯಲ್ಲಿ ತಿಳಿವಳಿಕೆ ಮತ್ತು ಚಿಕಿತ್ಸೆಯ ಚರಿತ್ರೆ

ಬಿಳಿಸೆರಗು ಎಂದರೆ ಯೋನಿಯಿಂದ ಎಂದಿಗಿಂತ ಹೆಚ್ಚಾಗಿ, ಬಣ್ಣವೋ ವಾಸನೆಯೋ ಕೆಟ್ಟು, ಹಲವು ಸಲ ತುರಿಕೆ ಉರಿಗಳ ಜೊತೆ ಬರುವ ಸ್ರಾವ. ದಾವಣಗೆರೆ, ಹರಿಹರದ ಕಡೆ ಹೆಂಗಸರು ‘ಬಿಳೇದು ಹೋಗ್ತೈತಿ’ ಎನ್ನುತ್ತಾರೆ. ಅದೂ ವೈದ್ಯರ ಮುಂದೆ ಸೊಂಟನೋವು, ಸುಸ್ತು ಎಲ್ಲ ಹೇಳಿ ಮುಗಿದ ಮೇಲೆ. ಇದು ಲಕ್ಷಣ; ಇದರ ಹಿಂದಿನ ಸೋಂಕು ಸಾಮಾನ್ಯವಾಗಿ ಮೂರರಲ್ಲಿ ಒಂದು: ಕ್ಯಾಂಡಿಡಾ ಎಂಬ ಶಿಲೀಂಧ್ರ, ಬ್ಯಾಕ್ಟೀರಿಯಲ್ ವೆಜಿನೋಸಿಸ್, ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ. ಎರಡು ಮುಟ್ಟಿನ ನಡುವೆ ಅಥವಾ ಬಸಿರಿನಲ್ಲಿ ಬರುವ, ದುರ್ವಾಸನೆಯಿಲ್ಲದ ತಿಳಿ ಸ್ರಾವ ರೋಗವೇ ಅಲ್ಲ. ಅದಕ್ಕೂ ಸುಮ್ಮನೆ ಮಾತ್ರೆ ನುಂಗಿದವರು ಕಡಿಮೆಯಿಲ್ಲ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯ 20 ಬಗೆಯ ಯೋನಿವ್ಯಾಪತ್ತುಗಳನ್ನು ಎಣಿಸುತ್ತದೆ. ಕಫದಿಂದ ಹುಟ್ಟುವ ಬಗೆಯಲ್ಲಿ ಲೋಳೆ ಮತ್ತು ತುರಿಕೆಯ ವರ್ಣನೆಯಿದೆ. ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಸಿಗುವ ಪುಷ್ಯಾನುಗ ಚೂರ್ಣ ಅದೇ ಅಧ್ಯಾಯದ್ದು. ಮನೆಮದ್ದಿನ ದಾರಿ ಬೇರೆ. ಎಲ್ಲಕ್ಕೂ ‘ಉಷ್ಣ’ವೇ ಕಾರಣ, ಆದ್ದರಿಂದ ಬಾರ್ಲಿ ಗಂಜಿ, ನೆನೆಸಿದ ಮೆಂತ್ಯ, ದಾಸವಾಳದ ಹೂ ಮುಂತಾದ ತಂಪು. ಗಂಜಿಯಿಂದ ಕೇಡೇನಿಲ್ಲ, ಆದರೆ ಸೋಂಕು ಅದಕ್ಕೆ ಜಗ್ಗುವುದಿಲ್ಲ. ಬಿಳಿ ಹೋದಷ್ಟೂ ಮೈಯ ಸತ್ವವೇ ಸೋರಿಹೋಗುತ್ತದೆ ಎಂಬ ಭಯವೂ ಇದಕ್ಕೆ ಅಂಟಿಕೊಂಡಿದೆ. ಬಾಯಿಬಿಟ್ಟು ಹೇಳಲಾಗದ ಮನಸ್ಸಿನ ಕಷ್ಟವನ್ನು ಹೆಂಗಸರು ಮೈಯ ದೂರುಗಳ ಮೂಲಕ ಹೇಳಿಕೊಳ್ಳುವ ಬಗೆಯನ್ನು ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1981ರಲ್ಲಿ ಬರೆದದ್ದು ದಕ್ಷಿಣ ಕನ್ನಡದ ಹವ್ಯಕ ಹೆಂಗಸರನ್ನು ಕಂಡೇ.

ಸೂಕ್ಷ್ಮದರ್ಶಕದ ಕಡೆಯಿಂದ ಈ ಕಥೆ ಶುರುವಾಗುವುದು 1836ರಲ್ಲಿ, ಪ್ಯಾರಿಸ್ಸಿನ ಆಲ್‌ಫ್ರೆಡ್ ಡೊನೆ ಸ್ರಾವದ ಹನಿಯಲ್ಲಿ ಈಜಾಡುವ ಟ್ರೈಕೊಮೊನಾಸನ್ನು ಕಂಡಾಗ. 1849ರಲ್ಲಿ ವಿಲ್ಕಿನ್‌ಸನ್ ಯೋನಿಯ ಶಿಲೀಂಧ್ರ ಸೋಂಕನ್ನು ವಿವರಿಸಿದ. 1892ರಲ್ಲಿ ಜರ್ಮನಿಯ ಡೋಡರ್‌ಲೈನ್ ಆರೋಗ್ಯವಂತ ಯೋನಿಯಲ್ಲೇ ಬಾಳುವ, ಆಮ್ಲ ಉಂಟುಮಾಡಿ ಕಾಯುವ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ. ಲ್ಯಾಕ್ಟೋಬ್ಯಾಸಿಲಸ್ ಎಂದು ಇಂದು ಹೇಳುವುದು ಇವನ್ನೇ. ಸೋಪು, ಡೆಟಾಲಿನಿಂದ ಒಳಗೆ ತೊಳೆಯಬಾರದು ಎಂಬ ಬುದ್ಧಿಮಾತಿನ ಬುಡ ಇಲ್ಲಿದೆ: ತೊಳೆದರೆ ಮೊದಲು ಹೋಗುವುದು ಈ ಕಾವಲೇ. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಶಿಲೀಂಧ್ರದ ಔಷಧ ನಿಸ್ಟಾಟಿನ್ ಪ್ರಕಟಿಸಿದರು. 1955ರಲ್ಲಿ ಗಾರ್ಡ್ನರ್ ಮತ್ತು ಡ್ಯೂಕ್ಸ್ ಉಳಿದ ಸೋಂಕಾದ ಬ್ಯಾಕ್ಟೀರಿಯಲ್ ವೆಜಿನೋಸಿಸ್‌ಗೆ ಗುರುತು ಕೊಟ್ಟರು. 1959ರ ಹೊತ್ತಿಗೆ ಟ್ರೈಕೊಮೊನಾಸಿಗೆ ಮೆಟ್ರೋನಿಡಜೋಲ್ ಬಂತು.

1983ರಲ್ಲಿ ಆಮ್ಸೆಲ್ ಮತ್ತು ಸಂಗಡಿಗರು ಹೇಳಿದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವಂಥದ್ದು. ಸ್ರಾವಕ್ಕೆ ಪಿಎಚ್ ಕಾಗದ ತಾಗಿಸಿ ನೋಡಬೇಕು, 4.5 ದಾಟಿದರೆ ಅನುಮಾನ. ಗಾಜಿನ ಮೇಲಿನ ಸ್ರಾವಕ್ಕೆ ಒಂದು ಹನಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟಾಗ ಮೀನಿನ ವಾಸನೆ ಎದ್ದರೆ, ಇನ್ನೊಂದು ಗಾಜಿನಲ್ಲಿ ಲವಣದ ನೀರಿನ ಹನಿಯೊಳಗೆ ಅಂಚೇ ಕಾಣದಷ್ಟು ಬ್ಯಾಕ್ಟೀರಿಯಾ ಮೆತ್ತಿಕೊಂಡ ಕೋಶಗಳು ಸಿಕ್ಕರೆ, ಬ್ಯಾಕ್ಟೀರಿಯಲ್ ವೆಜಿನೋಸಿಸ್ ಖಚಿತ. ಅದೇ ಗಾಜುಗಳಲ್ಲಿ ಕ್ಯಾಂಡಿಡಾದ ಎಳೆಗಳೂ ಈಜಾಡುವ ಟ್ರೈಕೊಮೊನಾಸೂ ಕಾಣುತ್ತವೆ. ಖರ್ಚು ಅತ್ಯಲ್ಪ. ಇಷ್ಟಾಗಿಯೂ ನೋಡದೆ ಮಾತ್ರೆ ಬರೆಯುವ ರೂಢಿಯೇ ಗೆದ್ದಿತು.

ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು 1965ರಲ್ಲಿ ಆರಂಭವಾಯಿತು. ಚಿಗಟೇರಿ ಆಸ್ಪತ್ರೆ ಮತ್ತು ಮಹಿಳೆಯರ ಹಾಗೂ ಮಕ್ಕಳ ಆಸ್ಪತ್ರೆ ಅದರ ಕಲಿಕೆಯ ತಾಣಗಳಾದವು. ಆದರೆ ಮಂಡಕ್ಕಿ ಭಟ್ಟಿಯಲ್ಲೋ ಭದ್ರಾ ಕಾಲುವೆಯ ಗದ್ದೆಯಲ್ಲೋ ದುಡಿಯುವ ಹೆಂಗಸಿಗೆ ಒಂದು ದಿನದ ಕೂಲಿ ಬಿಟ್ಟು ಬಂದು ಚೀಟಿ ಮಾಡಿಸುವುದೇ ದೊಡ್ಡ ಮಾತು.

ಈ ತೊಂದರೆ ಇದ್ದೂ ಆಸ್ಪತ್ರೆ ಕಾಣದವರು ಎಷ್ಟು ಮಂದಿ ಎಂಬುದು ಲೆಕ್ಕಕ್ಕೆ ಬಂದದ್ದು ತೀರ ತಡವಾಗಿ. 1989ರಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದಾಗ 92% ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು; ಹಿಂದೆ ಎಂದಾದರೂ ಒಳಪರೀಕ್ಷೆ ಮಾಡಿಸಿಕೊಂಡವರು 8% ಮಾತ್ರ. ಕರ್ನಾಟಕದ ಒಂದು ಜಿಲ್ಲೆಯ 385 ವಿವಾಹಿತ ಯುವತಿಯರ ಬಗ್ಗೆ ಜೆ.ಸಿ. ಭಾಟಿಯಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ 70%ಕ್ಕಿಂತ ಹೆಚ್ಚು ಮಂದಿಯಲ್ಲಿ ಸೋಂಕಿನ ಕುರುಹಿತ್ತು. ಮೈಸೂರಿನಲ್ಲಿ 2005–06ರಲ್ಲಿ ನಡೆದ ಅಧ್ಯಯನದಲ್ಲಿ 19% ಯುವತಿಯರಿಗೆ ಬ್ಯಾಕ್ಟೀರಿಯಲ್ ವೆಜಿನೋಸಿಸ್ ಕಂಡಿತು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಕಾರ್ಯಕ್ರಮ ಶುರುವಾಗಿ, ಜನನಾಂಗದ ಸೋಂಕುಗಳು ಮೊದಲ ಬಾರಿಗೆ ತಾಯಿ-ಮಗುವಿನ ಸೇವೆಯ ಪಟ್ಟಿಗೆ ಸೇರಿದವು. ಮುಂದೆ ಲಕ್ಷಣ ನೋಡಿಯೇ ಕೊಡುವ ಔಷಧಗಳ ಬಣ್ಣದ ಕಿಟ್‌ಗಳು ಬಂದವು. ಸ್ರಾವಕ್ಕೆ ಹಸಿರು ಬಣ್ಣದ 2ನೇ ಕಿಟ್: 2 ಗ್ರಾಂ ಸೆಕ್ನಿಡಜೋಲ್, 150 ಮಿ.ಗ್ರಾಂ ಫ್ಲುಕೊನಜೋಲ್. ಪ್ರಯೋಗಾಲಯವಿಲ್ಲದ ಕಡೆ ಇದು ದೊಡ್ಡ ಆಸರೆ. ಆದರೆ ಸ್ರಾವವೊಂದನ್ನೇ ನಂಬಿ ಲೈಂಗಿಕ ರೋಗ ಎಂದು ಚೀಟಿ ಬರೆದರೆ ಮನೆಯಲ್ಲಿ ಜಗಳ ಹತ್ತುತ್ತದೆ. ಕ್ಯಾಂಡಿಡಾ ಅಂಥ ರೋಗವಲ್ಲ.

ಈ ದೂರನ್ನು ದುಡ್ಡು ಮಾಡಿಕೊಂಡವರೂ ಇದ್ದಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದ ಸಂಗತಿಯನ್ನು ಸಂಘಟನೆಗಳು ಬಯಲಿಗೆ ತಂದವು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಲಾಗಿತ್ತು. ಹರಿಹರಕ್ಕೆ ಹೊಳೆಯಾಚೆಯ ನೆರೆ ತಾಲ್ಲೂಕಾದ ರಾಣೆಬೆನ್ನೂರಿನಲ್ಲೂ ಇಂಥದೇ ಆರೋಪದ ಮೇಲೆ ಹೆಂಗಸರು ವರ್ಷಗಟ್ಟಲೆ ಹೋರಾಡಿದರು. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಈಗಿನ ಚಿಕಿತ್ಸೆ ಸರಳ. ಒಡೆದ ಹಾಲಿನಂಥ ಸ್ರಾವ, ಜೋರು ತುರಿಕೆ ಇದ್ದು ಕ್ಯಾಂಡಿಡಾ ಎಂದಾದರೆ ಕ್ಲೋಟ್ರಿಮಜೋಲ್ ಮಾತ್ರೆಯನ್ನು ಒಳಗಿಡುವುದು, ಇಲ್ಲವೆ ಫ್ಲುಕೊನಜೋಲ್ ಒಂದು ಗುಳಿಗೆ. ಬಸುರಿಯರಿಗೆ ನುಂಗುವ ಫ್ಲುಕೊನಜೋಲ್ ಕೊಡುವುದಿಲ್ಲ. ಪದೇಪದೇ ಮರುಕಳಿಸಿದರೆ ಸಕ್ಕರೆ ಕಾಯಿಲೆ ಇದೆಯೇ ನೋಡಬೇಕು. ಬ್ಯಾಕ್ಟೀರಿಯಲ್ ವೆಜಿನೋಸಿಸ್‌ಗೆ ಏಳು ದಿನ ಮೆಟ್ರೋನಿಡಜೋಲ್. ಟ್ರೈಕೊಮೊನಾಸ್ ಆದರೆ ಗಂಡನಿಗೂ ಔಷಧ ಬೇಕೇಬೇಕು. ಬ್ಯಾಕ್ಟೀರಿಯಲ್ ವೆಜಿನೋಸಿಸ್‌ನಲ್ಲೂ ಸಂಗಾತಿಗೆ ಚಿಕಿತ್ಸೆ ಕೊಟ್ಟರೆ ಮರುಕಳಿಸುವುದು ಕಡಿಮೆ ಎಂದು 2025ರಲ್ಲಿ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು.

ಸ್ರಾವದಲ್ಲಿ ರಕ್ತ ಕಂಡರೆ, ಕಿಬ್ಬೊಟ್ಟೆ ನೋವು ಜ್ವರ ಬಂದರೆ, ಮುಟ್ಟು ನಿಂತ ಮೇಲೆ ಸ್ರಾವ ಶುರುವಾದರೆ ತಡಮಾಡದೆ ಗರ್ಭಕಂಠವನ್ನು ಪರೀಕ್ಷಿಸಿಕೊಳ್ಳಬೇಕು. ಬರೀ ಬಿಳಿಸೆರಗಿಗೆ ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಸಹಿ ಹಾಕುವ ಮುನ್ನ ಸ್ರಾವದ ಪರೀಕ್ಷೆ ಮಾಡಿಸಿ, ಇನ್ನೊಬ್ಬ ವೈದ್ಯರನ್ನು ಕೇಳಿ.