ಉಡುಪಿನ ಅವಘಡ ಮತ್ತು ವಿಶ್ವಕೋಶದ ಎಲ್ಲೆ

ಉಟ್ಟ ಬಟ್ಟೆ ನಾಲ್ಕು ಜನರೆದುರು ಜಾರುವುದು, ಬಿಚ್ಚುವುದು, ಹರಿಯುವುದು ಉಡುಪಿನ ಅವಘಡ. ವಿಶ್ವಕೋಶ ಇದನ್ನು ದಾಖಲಿಸಬೇಕೆ ಎಂಬ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಬೆರೆತಿವೆ: ಅವಘಡವೆಂಬ ವಿಷಯ ಒಂದು, ಅದಕ್ಕೆ ಸಿಕ್ಕ ವ್ಯಕ್ತಿ ಇನ್ನೊಂದು. ಮೊದಲನೆಯದಕ್ಕೆ ನಮೂದು ಸಲ್ಲುತ್ತದೆ. ಎರಡನೆಯದಕ್ಕೆ ಬೇರೆಯೇ ಒರೆಗಲ್ಲು ಬೇಕು.

ಅವಘಡದ ಮೂಲ ಇರುವುದು ಉಡುವ ಕ್ರಮದಲ್ಲಿ. ಬೆಂಗಳೂರಿನ ವಿಶ್ವೇಶ್ವರಪುರಂ, ಬಸವನಗುಡಿಗಳ ಮದುವೆ ಛತ್ರಗಳಲ್ಲಿ ಇಂದಿಗೂ ಕಾಣುವ ಕಚ್ಚೆ ಪಂಚೆಗೆ ಹೊಲಿಗೆಯಿಲ್ಲ, ಗುಂಡಿಯಿಲ್ಲ. ಎಂಟು ಮೊಳದ ಬಟ್ಟೆಯನ್ನು ನಡುವಿಗೆ ಸುತ್ತಿ ಕಟ್ಟಿ, ಒಂದು ತುದಿಯನ್ನು ನೆರಿಗೆ ಹಿಡಿದು ಕಾಲುಗಳ ನಡುವಿನಿಂದ ಹಿಂದಕ್ಕೊಯ್ದು ಸಿಕ್ಕಿಸಲಾಗುತ್ತದೆ. ಉಡುಪೆಲ್ಲ ನಿಲ್ಲುವುದು ಕಟ್ಟಿನ ಬಿಗಿಯ ಮೇಲೆ. ರೇಷ್ಮೆ ನುಣುಪು, ಹಸೆಮಣೆಯ ಮೇಲೆ ಕೂತು ಎದ್ದಂತೆಲ್ಲ ಕಟ್ಟು ಸಡಿಲಗೊಳ್ಳುತ್ತದೆ. ಪಂಚೆಯ ಮೇಲೆ ಬೆಲ್ಟು, ಸೀರೆಯ ನೆರಿಗೆಗೆ ಪಿನ್ನು, ವೆಲ್ಕ್ರೊ ಹಚ್ಚಿದ ಸಿದ್ಧ ಪಂಚೆ ಇದಕ್ಕೆ ಕಂಡುಕೊಂಡ ಉಪಾಯಗಳು.

ಕಲೆಗೂ ಇಂಥ ಅವಘಡ ಹೊಸ ವಸ್ತುವಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಒಬ್ಬಳ ಸೀರೆಯನ್ನು ಕೋತಿ ಹಿಡಿದೆಳೆಯುತ್ತಿದೆ. ಪ್ರಸಂಗ ಕಲ್ಲಿನಲ್ಲಿ ಉಳಿದಿದೆ. ಆದರೆ ಅದರಿಂದ ಯಾವ ಹೆಣ್ಣಿನ ಹೆಸರೂ ಕೆಟ್ಟಿಲ್ಲ.

ಹೆಸರು ಬಂದೊಡನೆ ಸ್ಥಿತಿ ಬದಲಾಗುತ್ತದೆ. ಕನ್ನಡದಲ್ಲಿ ‘ಮಾನ’ವೆಂದರೆ ಮರ್ಯಾದೆ, ಬಟ್ಟೆ ಮುಚ್ಚುವುದೂ ‘ಮಾನ’ವನ್ನೇ. ಬಟ್ಟೆ ಜಾರಿದ ಗಳಿಗೆ ಕಳೆದರೂ ಅದರ ಬರಹ ಮತ್ತು ಚಿತ್ರ ಮಾನವನ್ನು ಮತ್ತೆ ಮತ್ತೆ ಕಳೆಯುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದೆ ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಖಾಸಗಿತನಕ್ಕೆ ಭಂಗ ಬರುವಂತೆ ತೆಗೆಯುವುದು, ಪ್ರಕಟಿಸುವುದು ಅಪರಾಧ. ಸ್ಥಳ ಸಾರ್ವಜನಿಕವಾಗಿದ್ದರೂ ಈ ರಕ್ಷಣೆ ಉಂಟು. ಶಿಕ್ಷೆ 3 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಕೆಲವು ಘಟನೆಗಳು ವ್ಯಕ್ತಿಯನ್ನು ಮೀರಿ ಬೆಳೆಯುತ್ತವೆ. 2004ರ ಫೆಬ್ರುವರಿ 1ರಂದು ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವಣ ಕಾರ್ಯಕ್ರಮದಲ್ಲಿ ಗಾಯಕಿ ಜಾನೆಟ್ ಜ್ಯಾಕ್ಸನ್ ಅವರ ಉಡುಪು ಸರಿದದ್ದಕ್ಕೆ ಸಿಬಿಎಸ್ ವಾಹಿನಿಯ ಮೇಲೆ 5.5 ಲಕ್ಷ ಡಾಲರ್ ದಂಡ ಬಿತ್ತು. ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಇದು ಪ್ರಸಾರ ಕಾನೂನಿನ ಇತಿಹಾಸ. 2006ರಲ್ಲಿ ಮುಂಬೈನ ಫ್ಯಾಷನ್ ಪ್ರದರ್ಶನದಲ್ಲಿ ರೂಪದರ್ಶಿಯ ಉಡುಪು ಜಾರಿದಾಗ ಮಹಾರಾಷ್ಟ್ರ ಸರ್ಕಾರ ತನಿಖೆಗೆ ಆದೇಶಿಸಿತು. ಅಲ್ಲಿ ದಾಖಲೆಗೆ ಅರ್ಹವಾದದ್ದು ಸರ್ಕಾರದ ನಡೆ. ರೂಪದರ್ಶಿಯ ಹೆಸರಿಲ್ಲದೆಯೂ ಅದು ತಿಳಿಯುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಹದಿನಾಲ್ಕು ಸಂಪುಟಗಳು ಮುಗಿಯಲು ದಶಕಗಳೇ ಹಿಡಿದವು. ಆ ನಿಧಾನದಲ್ಲಿ ನಿನ್ನೆಯ ಗುಲ್ಲು ತಾನಾಗಿ ಜರಡಿಯಿಂದ ಇಳಿದುಹೋಗುತ್ತಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂಥ ಕೋಶಕ್ಕೆ ಗಂಟೆಯೊಳಗೆ ಸೇರಿಸುವ ಶಕ್ತಿಯಿದೆ. ಆದ್ದರಿಂದ ಕಾಲ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ನಿಯಮ ಮಾಡಬೇಕು. ಹೆಸರು ಮತ್ತು ಚಿತ್ರವನ್ನು ತೆಗೆದು ಓದಿದಾಗ ಉಡುಪು, ಕಾನೂನು, ಸಮಾಜದ ಬಗ್ಗೆ ತಿಳಿವಳಿಕೆ ಉಳಿದರೆ ಅದು ನಮೂದು. ಕಾನೂನಿನ ಗತಿ ಹೆಸರಿಲ್ಲದೆ ಅರ್ಥವಾಗದಿದ್ದರೆ ಮಾತ್ರ ಹೆಸರು ಮರಳಬಹುದು. ಏನೂ ಉಳಿಯದಿದ್ದರೆ ಅದು ಬರಿಯ ಚಾಡಿ.