ತಂತ್ರಾಂಶ ಲೈಬ್ರರಿ: ಯಾವ ಫಂಕ್ಷನ್ ರಫ್ತು, ಯಾವುದು ಗುಪ್ತ?

ಮೊಬೈಲ್ ಪರದೆಯ ಮೇಲೆ ಕನ್ನಡದ ‘ಸ್ತ್ರೀ’ ಎಂಬ ಅಕ್ಷರ ಒತ್ತು, ದೀರ್ಘಗಳೊಂದಿಗೆ ಸರಿಯಾಗಿ ಮೂಡಬೇಕಾದರೆ ಸಕಾರ, ತಕಾರ, ರಕಾರಗಳ ಸಂಕೇತಗಳನ್ನು ಜೋಡಿಸಿ ತಕ್ಕ ಆಕಾರಗಳನ್ನು ಆರಿಸುವ ತಂತ್ರಾಂಶವೊಂದು ಹಿನ್ನೆಲೆಯಲ್ಲಿ ದುಡಿಯಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಈ ಹೊಣೆ ಹೊತ್ತಿರುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಲೈಬ್ರರಿ. ಇದರೊಳಗಿನ ಎಲ್ಲ ಫಂಕ್ಷನ್‌ಗಳೂ ಹೊರಗಿನವರ ಕೈಗೆ ಸಿಗುವುದಿಲ್ಲ. ಯಾವುದು ಸಿಗಬೇಕು, ಯಾವುದು ಸಿಗಬಾರದು ಎಂಬುದನ್ನು ನಿರ್ಧರಿಸುವ ವಿಧಾನವೇ ಷರತ್ತುಬದ್ಧ ಸಂಕಲನದ ಮೂಲಕ ನಡೆಯುವ ರಫ್ತು ನಿಯಂತ್ರಣ.

ಹಂಚಿಕೆಯ ಲೈಬ್ರರಿ ಎಂದರೇನು?

ಹಲವು ತಂತ್ರಾಂಶಗಳಿಗೆ ಬೇಕಾಗುವ ಫಂಕ್ಷನ್‌ಗಳನ್ನು ಒಂದೇ ಕಡತದಲ್ಲಿಟ್ಟು, ಚಾಲನೆಯ ವೇಳೆ ಎಲ್ಲವೂ ಅದನ್ನೇ ಬಳಸುವಂತೆ ಮಾಡಿದರೆ ಅದು ಹಂಚಿಕೆಯ ಲೈಬ್ರರಿ. ವಿಂಡೋಸ್‌ನಲ್ಲಿ ಇದನ್ನು ಡಿಎಲ್‌ಎಲ್ ಎಂದೂ ಲಿನಕ್ಸ್‌ನಲ್ಲಿ ಎಸ್‌ಒ ಕಡತವೆಂದೂ ಕರೆಯುತ್ತಾರೆ. ಹೊರಗಿನ ತಂತ್ರಾಂಶಗಳು ಹೆಸರು ಹಿಡಿದು ಕರೆಯಬಹುದಾದ ಫಂಕ್ಷನ್‌ಗಳು ‘ರಫ್ತಾದ’ ಫಂಕ್ಷನ್‌ಗಳು. ಉಳಿದವು ಲೈಬ್ರರಿಯ ಸ್ವಂತ ಉಪಯೋಗಕ್ಕೆ ಮೀಸಲು.

ಒಂದು ಫಂಕ್ಷನ್ನನ್ನು ರಫ್ತು ಮಾಡುವುದೆಂದರೆ ಮಾತು ಕೊಟ್ಟಂತೆ. ಅದನ್ನು ನೆಚ್ಚಿ ಯಾರೋ ತಮ್ಮ ತಂತ್ರಾಂಶ ಕಟ್ಟಿರುತ್ತಾರೆ. ಮುಂದಿನ ಆವೃತ್ತಿಯಲ್ಲಿ ಅದನ್ನು ತೆಗೆದರೆ ಅಥವಾ ಅದರ ರೀತಿಯನ್ನು ಬದಲಿಸಿದರೆ ಅವರ ತಂತ್ರಾಂಶ ಕುಸಿಯುತ್ತದೆ. ಆದ್ದರಿಂದ ರಫ್ತಿನ ಪಟ್ಟಿ ಚಿಕ್ಕದಾದಷ್ಟೂ ಲೈಬ್ರರಿ ನಿರ್ಮಾಪಕರಿಗೆ ಒಳಗಿನ ವ್ಯವಸ್ಥೆಯನ್ನು ಸುಧಾರಿಸುವ ಸ್ವಾತಂತ್ರ್ಯ ಹೆಚ್ಚು.

ಎರಡು ವೇದಿಕೆ, ಎರಡು ರೂಢಿ

ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ನಿರ್ಮಾಪಕರು ಹೇಳದ ಹೊರತು ಯಾವ ಫಂಕ್ಷನ್ನೂ ರಫ್ತಾಗುವುದಿಲ್ಲ. ಹೇಳುವ ಬಗೆ ಎಂದರೆ ಫಂಕ್ಷನ್ನಿನ ಹಿಂದೆ ‘ಡಿಎಲ್‌ಎಲ್‌ಎಕ್ಸ್‌ಪೋರ್ಟ್’ ಎಂಬ ಗುರುತು ಹಾಕುವುದು, ಇಲ್ಲವೇ ಹೆಸರುಗಳನ್ನು ಪ್ರತ್ಯೇಕ ‘ಡೆಫ್’ ಕಡತದಲ್ಲಿ ಪಟ್ಟಿ ಮಾಡುವುದು. ಲಿನಕ್ಸ್‌ನ ರೂಢಿ ಇದಕ್ಕೆ ತದ್ವಿರುದ್ಧ. ಅಲ್ಲಿ ‘ಸ್ಟ್ಯಾಟಿಕ್’ ಎಂದು ಗುರುತಿಸದ ಫಂಕ್ಷನ್‌ಗಳೆಲ್ಲವೂ ತಾವಾಗಿಯೇ ರಫ್ತಾಗುತ್ತವೆ. 2005ರಲ್ಲಿ ಬಂದ ಜಿಸಿಸಿ 4.0 ಆವೃತ್ತಿಯು ‘ವಿಸಿಬಿಲಿಟಿ ಹಿಡನ್’ ಎಂಬ ಆಯ್ಕೆಯನ್ನು ನೀಡಿ, ಎಲ್ಲವನ್ನೂ ಮೊದಲು ಮರೆಮಾಡಿ ಬೇಕಾದುದನ್ನಷ್ಟೇ ಹೊರತರುವ ದಾರಿ ತೆರೆಯಿತು. ರಫ್ತಾದ ಹೆಸರುಗಳು ಕಡಿಮೆಯಾದರೆ ಕಡತದ ಗಾತ್ರ ತಗ್ಗುತ್ತದೆ, ಲೈಬ್ರರಿ ಬೇಗ ತೆರೆದುಕೊಳ್ಳುತ್ತದೆ, ಬೇರೆ ಲೈಬ್ರರಿಯ ಅದೇ ಹೆಸರಿನ ಫಂಕ್ಷನ್ನಿನೊಡನೆ ಘರ್ಷಣೆಯೂ ತಪ್ಪುತ್ತದೆ.

ಒಂದೇ ಕಡತ, ಹಲವು ಅರ್ಥ

ಲೈಬ್ರರಿಯ ಫಂಕ್ಷನ್‌ಗಳನ್ನು ಘೋಷಿಸುವ ಹೆಡರ್ ಕಡತವನ್ನು ನಿರ್ಮಾಪಕರೂ ಓದುತ್ತಾರೆ, ಬಳಕೆದಾರರೂ ಓದುತ್ತಾರೆ. ವಿಂಡೋಸ್‌ನಲ್ಲಿ ನಿರ್ಮಾಪಕರಿಗೆ ಅದು ರಫ್ತು ಎಂದು ಹೇಳಬೇಕು, ಬಳಕೆದಾರರಿಗೆ ಆಮದು ಎಂದು ಹೇಳಬೇಕು. ಲಿನಕ್ಸ್‌ನಲ್ಲಿ ಇಬ್ಬರಿಗೂ ‘ಗೋಚರ’ ಎಂಬ ಒಂದೇ ಗುರುತು ಸಾಕು. ಹಂಚಿಕೆಯ ಬದಲು ಸ್ಥಾಯಿ ಲೈಬ್ರರಿ ಕಟ್ಟುವಾಗ ಯಾವ ಗುರುತೂ ಬೇಡ.

ಇಲ್ಲಿ ನೆರವಿಗೆ ಬರುವುದೇ ಷರತ್ತುಬದ್ಧ ಸಂಕಲನ. ಹೆಡರ್‌ನಲ್ಲಿ ಒಂದು ಮ್ಯಾಕ್ರೋ ಹೆಸರಿಟ್ಟು ಪ್ರತಿ ಸಾರ್ವಜನಿಕ ಫಂಕ್ಷನ್ನಿನ ಹಿಂದೆ ಅದನ್ನೇ ಬರೆಯಲಾಗುತ್ತದೆ. ಆ ಹೆಸರಿಗೆ ಯಾವ ಅರ್ಥ ಎಂಬುದನ್ನು ‘ಇಫ್‌ಡೆಫ್’, ‘ಎಲ್ಸ್’, ‘ಎಂಡಿಫ್’ ಸಾಲುಗಳು ತೀರ್ಮಾನಿಸುತ್ತವೆ. ಲೈಬ್ರರಿಯನ್ನು ಕಟ್ಟುವಾಗ ಮಾತ್ರ ನಿರ್ಮಾಪಕರು ಕಂಪೈಲರ್‌ಗೆ ಒಂದು ಸಂಕೇತನಾಮ ಕೊಡುತ್ತಾರೆ. ಅದು ಕಂಡರೆ ರಫ್ತು, ಕಾಣದಿದ್ದರೆ ಆಮದು.

ಹಾರ್ಫ್‌ಬಜ್ ಇದೇ ಮಾರ್ಗ ಹಿಡಿದಿದೆ. ಅದರ ಸಾರ್ವಜನಿಕ ಫಂಕ್ಷನ್‌ಗಳಿಗೆ ‘ಎಚ್‌ಬಿ ಎಕ್ಸ್‌ಟರ್ನ್’ ಎಂಬ ಗುರುತು, ಒಳಗಿನವುಗಳಿಗೆ ‘ಎಚ್‌ಬಿ ಇಂಟರ್ನಲ್’ ಎಂಬ ಗುರುತು. ಎರಡನೆಯದು ಜಿಸಿಸಿಯಲ್ಲಿ ‘ಗುಪ್ತ’ ಎಂಬ ಅರ್ಥ ಪಡೆದರೆ ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಖಾಲಿಯಾಗಿರುತ್ತದೆ. ಗುರುತಿಲ್ಲದುದು ಅಲ್ಲಿ ರಫ್ತಾಗುವುದೇ ಇಲ್ಲವಲ್ಲ! ಇನ್ನೂ ಪ್ರಾಯೋಗಿಕ ಹಂತದಲ್ಲಿರುವ ಫಂಕ್ಷನ್‌ಗಳಿಗೆ ಬೇರೆಯೇ ಷರತ್ತು. ಕೇಳಿ ಪಡೆದವರಿಗೆ ಮಾತ್ರ ಅವು ಲಭ್ಯ. ಇದರಿಂದ ಮಾತು ಕೊಡದೆಯೇ ಹೊಸತನ್ನು ಪರೀಕ್ಷಿಸಲು ಸಾಧ್ಯ.

ಆಂಡ್ರಾಯ್ಡ್ ಕಲಿಸಿದ ಪಾಠ

ಈ ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ? ಆಂಡ್ರಾಯ್ಡ್‌ನ ಒಳಗಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಆ್ಯಪ್‌ಗಳ ಬಳಕೆಗೆಂದು ಇಟ್ಟದ್ದಲ್ಲ. ಆದರೂ ಅದರ ಫಂಕ್ಷನ್‌ಗಳು ಕೈಗೆಟುಕುತ್ತಿದ್ದ ಕಾರಣ ಕೆಲವು ಆ್ಯಪ್‌ಗಳು ಅದನ್ನೇ ನೆಚ್ಚಿಕೊಂಡವು. 2015ರಲ್ಲಿ ಆಂಡ್ರಾಯ್ಡ್ 6.0 ಅದರ ಜಾಗಕ್ಕೆ ಬೋರಿಂಗ್‌ಎಸ್‌ಎಸ್‌ಎಲ್ ತಂದಾಗ ಅಂಥ ಆ್ಯಪ್‌ಗಳ ಆಧಾರವೇ ಅಲುಗಾಡಿತು. 2016ರಲ್ಲಿ ಆಂಡ್ರಾಯ್ಡ್ 7.0 ಒಳಗಿನ ಲೈಬ್ರರಿಗಳ ಬಾಗಿಲನ್ನೇ ಮುಚ್ಚಿತು. ಹಳೆಯ ಆ್ಯಪ್‌ಗಳಿಗಾಗಿ ಕೆಲವು ಲೈಬ್ರರಿಗಳಿಗೆ ಎಚ್ಚರಿಕೆಯೊಡನೆ ತಾತ್ಕಾಲಿಕ ವಿನಾಯಿತಿ ನೀಡಬೇಕಾಯಿತು. ಮೊದಲು ತೆರೆದಿಟ್ಟು ಆಮೇಲೆ ಮುಚ್ಚುವುದು ಎಷ್ಟು ದುಬಾರಿ ಎಂಬುದಕ್ಕೆ ಇದೇ ನಿದರ್ಶನ.

ಗಮನಿಸಬೇಕಾದ ಅಂಶಗಳು

* ವಿಂಡೋಸ್‌ನಲ್ಲಿ ಆಮದು ಗುರುತು ಬಿಟ್ಟುಹೋದರೂ ಫಂಕ್ಷನ್ ಒಂದು ಸುತ್ತು ಬಳಸಿ ನಡೆಯುತ್ತದೆ. ಆದರೆ ಡಿಎಲ್‌ಎಲ್‌ನಿಂದ ನೇರವಾಗಿ ಪಡೆಯುವ ವೇರಿಯಬಲ್‌ಗೆ ಆ ಗುರುತು ಬೇಕೇಬೇಕು.

* ಒಂದು ಷರತ್ತಿನಡಿ ಕಟ್ಟಿದ ಲೈಬ್ರರಿ, ಇನ್ನೊಂದು ಷರತ್ತಿನಡಿ ಓದಿದ ಹೆಡರ್ ಜೊತೆಯಾದರೆ ಇಲ್ಲದ ಫಂಕ್ಷನ್ನಿಗಾಗಿ ತಂತ್ರಾಂಶ ಹುಡುಕಾಡಿ ಸೋಲುತ್ತದೆ. ಆಯ್ಕೆಗಳನ್ನು ದಾಖಲಿಸಿಡುವುದು ಅಗತ್ಯ.

* ಗುಪ್ತ ಫಂಕ್ಷನ್ನಿನ ಯಂತ್ರಸಂಕೇತ ಕಡತದಲ್ಲಿ ಇದ್ದೇ ಇರುತ್ತದೆ. ಇದು ಭದ್ರತೆಯ ಕೋಟೆ ಎಂದು ಭಾವಿಸಬಾರದು.

* ಬಿಡುಗಡೆಗೆ ಮುನ್ನ ಲಿನಕ್ಸ್‌ನಲ್ಲಿ ‘ಎನ್‌ಎಂ’, ವಿಂಡೋಸ್‌ನಲ್ಲಿ ‘ಡಂಪ್‌ಬಿನ್’ ಆದೇಶದಿಂದ ರಫ್ತಿನ ಪಟ್ಟಿಯನ್ನು ಹಿಂದಿನ ಆವೃತ್ತಿಯದರೊಡನೆ ಹೋಲಿಸಿ ನೋಡುವುದು ಒಳ್ಳೆಯದು.

ಗುಪ್ತವಾಗಿಟ್ಟ ಫಂಕ್ಷನ್ನನ್ನು ನಾಳೆ ಯಾವ ತೊಂದರೆಯೂ ಇಲ್ಲದೆ ಹೊರತರಬಹುದು. ಹೊರಬಂದದ್ದನ್ನು ಹಿಂದಕ್ಕೆ ಪಡೆಯುವುದು ಮಾತ್ರ ಕಷ್ಟ. ಸಂದೇಹವಿರುವಾಗ ಮರೆಯಲ್ಲಿಡುವುದೇ ಲೇಸು.